ಆರೈಕೆ ಮಾಡುವವರಿಗೂ ಆರೈಕೆ ಬೇಕು

ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಬಂಧುಬಳಗದವರು ಬಂದು ರೋಗಿಯ ಕ್ಷೇಮವನ್ನು ವಿಚಾರಿಸುತ್ತಾರೆ. ಊಟ ಸೇರುತ್ತದೆಯೇ, ನಿದ್ರೆ ಬರುತ್ತದೆಯೇ, ವೈದ್ಯರು ಏನೆಂದರು ಎಂದು ಕೇಳುತ್ತಾರೆ. ಇದು ನಮ್ಮ ಸಮಾಜದ ಒಳ್ಳೆಯ ನಡವಳಿಕೆ. ಆದರೆ ಆ ರೋಗಿಯ ಮಗ್ಗುಲಲ್ಲಿ ಹಗಲಿರುಳು ನಿಂತ ಸೊಸೆಯನ್ನೋ ಮಗಳನ್ನೋ ಮಗನನ್ನೋ ಮಡದಿಯನ್ನೋ ಕರೆದು, “ನಿನಗೆ ನಿದ್ರೆಯಾಯಿತೇನಮ್ಮ? ನೀನು ಉಂಡೆಯಾ?” ಎಂದು ಕೇಳುವವರು ವಿರಳ. ಬೇರೆಯವರು ಕೇಳುವುದಿರಲಿ, ಆರೈಕೆ ಮಾಡುವವರು ತಮ್ಮನ್ನು ತಾವೇ ಆ ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡರೆ ಅದು ಸ್ವಾರ್ಥವಾದೀತೆಂಬ ಅಳುಕು ಅವರಲ್ಲಿರುತ್ತದೆ.

ಈ ಅಳುಕನ್ನು ನಿವಾರಿಸುವುದು ಈ ಲೇಖನದ ಉದ್ದೇಶ. ಪಾರ್ಶ್ವವಾಯು, ಮರೆಗುಳಿತನ, ಕ್ಯಾನ್ಸರ್, ದೀರ್ಘಕಾಲದ ಮಾನಸಿಕ ಕಾಯಿಲೆ ಮುಂತಾದವುಗಳಿಂದ ಬಳಲುವವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇದನ್ನು ಬರೆಯುತ್ತಿದ್ದೇವೆ. ತನ್ನ ದೇಹವನ್ನೂ ಮನಸ್ಸನ್ನೂ ಕರುಣೆಯಿಂದ ಕಾಣುವುದು ಸೇವೆಗೆ ವಿರೋಧವಾದುದಲ್ಲ. ಸೇವೆ ನಿಲ್ಲದೆ ನಡೆಯಬೇಕಾದರೆ ಅದೇ ಆಧಾರ.

ಹೊರೆ ಎಷ್ಟು, ಯಾರ ಮೇಲೆ?

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 10 ಕೋಟಿ 38 ಲಕ್ಷ. ಆಯುಷ್ಯ ಹೆಚ್ಚಿದಂತೆ ದೀರ್ಘ ಕಾಯಿಲೆಯ ವರ್ಷಗಳೂ ಹೆಚ್ಚುತ್ತವೆ. ಆ ವರ್ಷಗಳ ಬಹುಪಾಲು ಕಳೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ.

ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯು ಜನರು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು ಲೆಕ್ಕ ಹಾಕಿತು. ಮನೆಯ ಮಕ್ಕಳ, ಹಿರಿಯರ, ರೋಗಿಗಳ ಆರೈಕೆಯಲ್ಲಿ ತೊಡಗಿದವರ ಪೈಕಿ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 134 ನಿಮಿಷ ವ್ಯಯಿಸಿದರೆ, ಪುರುಷರು 76 ನಿಮಿಷ ವ್ಯಯಿಸುತ್ತಿದ್ದರು. ಅಡುಗೆ, ಕಸಮುಸುರೆ, ಬಟ್ಟೆ ಮುಂತಾದ ಮನೆಗೆಲಸ ಇದಕ್ಕೆ ಹೊರತು. ಆ ಕೆಲಸ ಮಾಡುವ ಮಹಿಳೆಯರಿಗೆ ಅದಕ್ಕೇ ದಿನಕ್ಕೆ 299 ನಿಮಿಷ ಬೇಕಾಗುತ್ತಿತ್ತು. ಎರಡೂ ಹೊಣೆಗಳು ಒಬ್ಬಳ ಹೆಗಲೇರಿದಾಗ ತನಗಾಗಿ ಉಳಿಯುವ ವೇಳೆ ಎಷ್ಟೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ದಣಿವು ದೇಹದೊಳಗೆ ಮಾಡುವ ಹಾನಿ

ಬಹುಕಾಲದ ಮನೋಭಾರವು ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ. 1995ರಲ್ಲಿ ಅಮೆರಿಕದ ಸಂಶೋಧಕರು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮರೆಗುಳಿತನದಿಂದ ಬಳಲುವ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರನ್ನೂ ಅದೇ ವಯಸ್ಸಿನ, ಆದರೆ ಅಂತಹ ಹೊಣೆಯಿಲ್ಲದ 13 ಮಹಿಳೆಯರನ್ನೂ ಅವರು ಆರಿಸಿಕೊಂಡರು. ಎಲ್ಲರ ತೋಳಿನ ಮೇಲೂ ಒಂದೇ ಅಳತೆಯ ಚಿಕ್ಕ ಗಾಯ ಮಾಡಿ, ಅದು ಮಾಯುವ ದಿನಗಳನ್ನು ಎಣಿಸಿದರು. ಹೊಣೆಯಿಲ್ಲದವರ ಗಾಯ ಸರಾಸರಿ 39 ದಿನಗಳಲ್ಲಿ ಮಾಯಿತು. ಆರೈಕೆ ಮಾಡುವವರ ಗಾಯ ಮಾಯಲು ಸುಮಾರು 49 ದಿನ ಹಿಡಿಯಿತು. ಪಾಲ್ಗೊಂಡವರ ಸಂಖ್ಯೆ ಚಿಕ್ಕದಾದರೂ ಅದರ ಸೂಚನೆ ಸ್ಪಷ್ಟ: ಮನಸ್ಸು ಹೊತ್ತ ಭಾರವನ್ನು ಚರ್ಮವೂ ಹೊರುತ್ತದೆ.

1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ವಯಸ್ಸಾದ ದಂಪತಿಗಳನ್ನು ನಾಲ್ಕು ವರ್ಷಗಳ ಕಾಲ ಗಮನಿಸಿತು. ಸಂಗಾತಿಯ ಆರೈಕೆ ಮಾಡುತ್ತ ಅದರಿಂದ ಬಳಲಿಕೆ ಅನುಭವಿಸುತ್ತಿದ್ದವರಲ್ಲಿ ಮರಣದ ಸಂಭವವು, ಆರೈಕೆಯ ಹೊಣೆಯಿಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚಿತ್ತು. ಆರೈಕೆ ಮಾಡಿಯೂ ಬಳಲಿಕೆ ಅನುಭವಿಸದವರಲ್ಲಿ ಅಂತಹ ಏರಿಕೆ ಕಾಣಲಿಲ್ಲ ಎಂಬುದು ಇಲ್ಲಿ ಬಹಳ ಮುಖ್ಯ. ಅಂದರೆ ಸೇವೆಯು ತಾನಾಗಿಯೇ ದೇಹವನ್ನು ಸವೆಸುವುದಿಲ್ಲ. ನೆರವಿಲ್ಲದೆ, ವಿರಾಮವಿಲ್ಲದೆ ನಡೆಯುವ ಸೇವೆ ಸವೆಸುತ್ತದೆ. ಆ ಬಳಲಿಕೆಯನ್ನು ತಗ್ಗಿಸುವುದು ನಮ್ಮ ಕೈಯಲ್ಲಿ ಸ್ವಲ್ಪಮಟ್ಟಿಗಾದರೂ ಇದೆ.

ತನ್ನ ಮೇಲಿನ ಕರುಣೆ ಎಂದರೇನು?

ತನ್ನನ್ನು ತಾನು ಕರುಣೆಯಿಂದ ಕಾಣುವ ಗುಣವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ ಅವರು 2003ರಿಂದ ಕ್ರಮಬದ್ಧವಾಗಿ ಅಧ್ಯಯನ ಮಾಡುತ್ತ ಬಂದಿದ್ದಾರೆ. ಅವರು ಅದರಲ್ಲಿ ಮೂರು ಅಂಗಗಳನ್ನು ಗುರುತಿಸುತ್ತಾರೆ.

ಮೊದಲನೆಯದು, ತನ್ನೊಡನೆ ಮೃದುವಾಗಿರುವುದು. ಎಡವಿದಾಗ ತನ್ನನ್ನು ತಾನು ಹಳಿದುಕೊಳ್ಳುವ ಬದಲು, ಆಪ್ತರು ಎಡವಿದಾಗ ಆಡುವಂತಹ ಮಾತನ್ನು ತನಗೂ ಆಡಿಕೊಳ್ಳುವುದು. ಎರಡನೆಯದು, ಈ ಕಷ್ಟ ತನ್ನೊಬ್ಬಳದಲ್ಲ ಎಂಬ ಅರಿವು. ಇದೇ ಊರಿನ ಇನ್ನೆಷ್ಟೋ ಮನೆಗಳಲ್ಲಿ ಇದೇ ರಾತ್ರಿ ಯಾರೋ ಒಬ್ಬರು ಎದ್ದು ರೋಗಿಗೆ ನೀರು ಕುಡಿಸುತ್ತಿದ್ದಾರೆ ಎಂದು ನೆನೆಯುವುದು. ಮೂರನೆಯದು, ನೋವನ್ನು ಇದ್ದಂತೆ ನೋಡುವುದು. ಅದನ್ನು ಅದುಮಿಡಬಾರದು, ಅದರಲ್ಲಿ ಮುಳುಗಿಯೂ ಹೋಗಬಾರದು. “ಈಗ ನನಗೆ ಬಹಳ ದಣಿವಾಗಿದೆ” ಎಂದು ಒಪ್ಪಿಕೊಳ್ಳಬೇಕು.

ಇದು ಆತ್ಮಮರುಕವಲ್ಲ. ಮರುಕಪಡುವವನು ತನ್ನ ಕಷ್ಟವೇ ಜಗತ್ತಿನಲ್ಲಿ ದೊಡ್ಡದೆಂದು ಭಾವಿಸಿ ಒಂಟಿಯಾಗುತ್ತಾನೆ. ಕರುಣೆಯುಳ್ಳವನು ತನ್ನ ಕಷ್ಟವನ್ನು ಎಲ್ಲರ ಕಷ್ಟದ ಒಂದು ಭಾಗವಾಗಿ ಕಾಣುತ್ತಾನೆ. ಇದು ಸೋಮಾರಿತನಕ್ಕೆ ದಾರಿಯೂ ಅಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು ಕಠಿಣ ಪರೀಕ್ಷೆಯೊಂದರಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳನ್ನು ಪರಿಶೀಲಿಸಿದರು. ತಮ್ಮ ಸೋಲನ್ನು ಕರುಣೆಯಿಂದ ನೋಡುವಂತೆ ಪ್ರೇರೇಪಿಸಲ್ಪಟ್ಟವರು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ಬೈಗುಳವೊಂದೇ ಮನುಷ್ಯನನ್ನು ತಿದ್ದುತ್ತದೆ ಎಂಬ ನಂಬಿಕೆ ಮಕ್ಕಳ ವಿಷಯದಲ್ಲಿ ಸರಿಯಲ್ಲ, ನಮ್ಮ ವಿಷಯದಲ್ಲಿಯೂ ಸರಿಯಲ್ಲ.

ಸಿಟ್ಟು ಬಂದ ದಿನ

ಆರೈಕೆ ಮಾಡುವವರನ್ನು ಒಳಗೊಳಗೇ ಸುಡುವುದು ಬಹುಪಾಲು ಈ ಒಂದು ಸಂಗತಿ. ಅತ್ತೆಯವರು ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುತ್ತಾರೆ. ಈಗತಾನೆ ಬದಲಿಸಿದ ಹಾಸಿಗೆ ಮತ್ತೆ ಒದ್ದೆಯಾಗುತ್ತದೆ. ಬಾಯಿಂದ ಬಿರುಮಾತು ಹೊರಬೀಳುತ್ತದೆ. ಅರೆಗಳಿಗೆ ಕಳೆದರೆ ಮನಸ್ಸು ಕುಸಿಯುತ್ತದೆ: “ನಾನೆಂತಹ ಪಾಪಿ!”

ಆ ಹೊತ್ತಿನಲ್ಲಿ ಮಾಡಬೇಕಾದುದು ಇಷ್ಟು. ರೋಗಿಯು ಸುರಕ್ಷಿತವಾಗಿರುವುದನ್ನು ನೋಡಿಕೊಂಡು, ಆ ಕೋಣೆಯಿಂದ ಎರಡು ನಿಮಿಷ ಹೊರಗೆ ಬರಬೇಕು. ಮುಖಕ್ಕೆ ತಣ್ಣೀರು ಹಾಕಿಕೊಂಡು ನಿಧಾನವಾಗಿ ಹತ್ತು ಉಸಿರು ಬಿಡಬೇಕು. ಅನಂತರ ಒಡಹುಟ್ಟಿದವಳಿಗೆ ಹೇಳುವಂತೆ ತನಗೆ ತಾನೇ ಹೇಳಿಕೊಳ್ಳಬೇಕು: “ನಾಲ್ಕು ರಾತ್ರಿಯಿಂದ ನಿನಗೆ ನಿದ್ರೆಯಿಲ್ಲ ತಂಗಿ. ಈ ಸಿಟ್ಟು ಆ ದಣಿವಿನದು.” ಮನಸ್ಸು ತಿಳಿಯಾದ ಮೇಲೆ ಒಳಗೆ ಹೋಗಿ ಹಿರಿಯರ ಕೈ ಹಿಡಿದು, “ತಪ್ಪು ತಿಳಿಯಬೇಡಿರಿ ಅತ್ತೆ, ಬೇಸರದಲ್ಲಿ ಅಂದುಬಿಟ್ಟೆ” ಎನ್ನಬೇಕು. ಅವರಿಗೆ ಮಾತು ಅರ್ಥವಾಗದಿದ್ದರೂ ಸ್ಪರ್ಶ ಅರ್ಥವಾಗುತ್ತದೆ. ಕೊನೆಗೆ, ಈ ಸಿಟ್ಟು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಗುರುತಿಸಬೇಕು. ಸಂಜೆಯ ಹೊತ್ತೇ ಕಠಿಣವಾಗಿದ್ದರೆ ಸಂಜೆಗೆ ಇನ್ನೊಬ್ಬರ ನೆರವನ್ನು ಗೊತ್ತುಮಾಡಿಕೊಳ್ಳಬೇಕು. ತನ್ನನ್ನು ಕ್ಷಮಿಸಿಕೊಂಡು ಕೈತೊಳೆದುಕೊಳ್ಳುವುದು ಕರುಣೆಯಲ್ಲ. ತಪ್ಪನ್ನು ಸರಿಪಡಿಸುವ ಶಕ್ತಿಯನ್ನು ತನಗೆ ತಾನೇ ಕೊಟ್ಟುಕೊಳ್ಳುವುದು ಕರುಣೆ.

ದಿನಚರಿಯಲ್ಲಿ ಅಳವಡಿಸಿಕೊಳ್ಳಬೇಕಾದವು

ನಿದ್ರೆ: ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಬೇಕು. ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ಮನೆಯಲ್ಲಿ ಒಬ್ಬರೇ ರಾತ್ರಿಯಿಡೀ ಎಚ್ಚರವಿರುವುದು ಸಾಧ್ಯವಿಲ್ಲ. ರಾತ್ರಿಯನ್ನು ಎರಡು ಪಾಳಿಯಾಗಿ ವಿಂಗಡಿಸಬೇಕು, ಇಲ್ಲವೆ ದಿನ ಬಿಟ್ಟು ದಿನ ಹಂಚಿಕೊಳ್ಳಬೇಕು. ಮನೆಯಲ್ಲಿ ಬೇರೆ ಯಾರೂ ಇಲ್ಲದವರು, ರೋಗಿ ಹಗಲಿನಲ್ಲಿ ಮಲಗಿದಾಗ ಪಾತ್ರೆ ತೊಳೆಯುವುದನ್ನು ಬಿಟ್ಟು ತಾವೂ ಅರ್ಧ ಗಂಟೆ ಮಲಗಬೇಕು. ಪಾತ್ರೆ ಕಾಯುತ್ತದೆ.

ಆಹಾರ: ರೋಗಿಗೆ ಉಣಿಸಿ ಉಳಿದುದನ್ನು ನಿಂತುಕೊಂಡೇ ತಿನ್ನುವ ಅಭ್ಯಾಸವನ್ನು ಬಿಡಬೇಕು. ದಿನಕ್ಕೆ ಒಂದು ಹೊತ್ತಾದರೂ ಕುಳಿತು, ತಟ್ಟೆಯನ್ನು ಮುಂದಿಟ್ಟುಕೊಂಡು, ಬೇರೆ ಕೆಲಸವಿಲ್ಲದೆ ಉಣ್ಣಬೇಕು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮೊಳಕೆ ಬರಿಸಿದ ಕಾಳು, ಮಜ್ಜಿಗೆ, ರಾಗಿಯ ಅಂಬಲಿ ಇವು ನಮ್ಮ ಮನೆಗಳಲ್ಲಿ ಸುಲಭವಾಗಿ ದೊರೆಯುವ ಪುಷ್ಟಿಕರ ಆಹಾರಗಳು. ಎಚ್ಚರವಿರಲೆಂದು ಚಹಾದ ಮೇಲೆ ಚಹಾ ಕುಡಿಯುವುದರಿಂದ ಹಸಿವೂ ಕೆಡುತ್ತದೆ, ಸಿಕ್ಕ ಅಲ್ಪ ನಿದ್ರೆಯೂ ಕೆಡುತ್ತದೆ.

ನಡಿಗೆ: ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ಮನೆಯೊಳಗಿನ ಓಡಾಟ ದೇಹವನ್ನು ದಣಿಸುತ್ತದೆ, ಮನಸ್ಸನ್ನು ಹಗುರಗೊಳಿಸುವುದಿಲ್ಲ. ಬೆಳಗಿನ ಬಿಸಿಲಿನಲ್ಲಿ 20 ನಿಮಿಷ ಹೊರಗೆ ನಡೆದು ಬರುವುದು ಎರಡಕ್ಕೂ ಹಿತ.

ಬೆನ್ನಿನ ರಕ್ಷಣೆ: ರೋಗಿಯನ್ನು ಎತ್ತುವಾಗ ಸೊಂಟ ಬಗ್ಗಿಸಬಾರದು, ಮೊಣಕಾಲು ಮಡಿಸಬೇಕು. ರೋಗಿಯ ದೇಹಕ್ಕೆ ಆದಷ್ಟು ಹತ್ತಿರ ನಿಲ್ಲಬೇಕು. ಎತ್ತುತ್ತಲೇ ಬೆನ್ನನ್ನು ತಿರುಚಬಾರದು. ರೋಗಿಯ ಕೆಳಗೆ ಅಡ್ಡಲಾಗಿ ಮಡಿಸಿದ ಚಾದರವೊಂದನ್ನು ಹಾಸಿಟ್ಟರೆ, ಇಬ್ಬರು ಎರಡು ಬದಿ ಹಿಡಿದು ಸುಲಭವಾಗಿ ಸರಿಸಬಹುದು.

ಉಸಿರು: ದಿನಕ್ಕೆರಡು ಬಾರಿ ಐದೈದು ನಿಮಿಷ ನೆಟ್ಟಗೆ ಕುಳಿತು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರನ್ನು ಒಳಕ್ಕೆಳೆದುಕೊಂಡು ಆರು ಎಣಿಸುವಷ್ಟು ಹೊತ್ತು ಹೊರಬಿಡಬೇಕು. ಆಗ ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಹೀಗೆ ನಿಧಾನವಾದಾಗ ಹೃದಯದ ಬಡಿತ ತಗ್ಗಿ ನರಮಂಡಲ ಶಾಂತವಾಗುತ್ತದೆ. ಉಸಿರನ್ನು ಬಲವಂತವಾಗಿ ಹಿಡಿದಿಡಬಾರದು. ಇಷ್ಟಲಿಂಗ ಪೂಜೆಯ ಅಭ್ಯಾಸವುಳ್ಳವರು ಪೂಜೆಗೆ ಕುಳಿತಾಗಲೇ ಇದನ್ನು ರೂಢಿಸಿಕೊಳ್ಳಬಹುದು. ಆದರೆ ಆ ವೇಳೆಯನ್ನು ಕೆಲಸದ ಒತ್ತಡಕ್ಕೆ ಬಲಿಕೊಡದೆ ಕಾಪಾಡಿಕೊಳ್ಳಬೇಕು.

ತನ್ನ ಔಷಧ: ರೋಗಿಯ ಮಾತ್ರೆಗಳನ್ನು ನಿಮಿಷ ತಪ್ಪದೆ ಕೊಡುವವರು ತಮ್ಮ ರಕ್ತದೊತ್ತಡದ ಮಾತ್ರೆಯನ್ನು ಮರೆಯುತ್ತಾರೆ. ಎರಡನ್ನೂ ಒಂದೇ ಹೊತ್ತಿಗೆ ಗೊತ್ತುಮಾಡಿಕೊಳ್ಳಬೇಕು. ಆದರೆ ಅದಲುಬದಲಾಗದಂತೆ ಬೇರೆ ಬೇರೆ ಡಬ್ಬಿಗಳಲ್ಲಿ ಹೆಸರು ಬರೆದು ಇಡಬೇಕು. ರೋಗಿಯ ತಪಾಸಣೆಗೆ ಆಸ್ಪತ್ರೆಗೆ ಹೋದ ದಿನವೇ ತಮ್ಮ ರಕ್ತದೊತ್ತಡ, ಸಕ್ಕರೆಗಳನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಏಕಾಂತವಾಸದ ಅಗತ್ಯ

ದಿನಚರಿಯ ಈ ಚಿಕ್ಕ ವಿರಾಮಗಳು ಅಂದಂದಿನ ದಣಿವನ್ನು ತೀರಿಸುತ್ತವೆ. ತಿಂಗಳುಗಳಿಂದ ಸೇರಿಕೊಂಡ ದಣಿವಿಗೆ ಸ್ವಲ್ಪ ದೀರ್ಘವಾದ ವಿಶ್ರಾಂತಿ ಬೇಕಾಗುತ್ತದೆ. ಸಂತೆಯ ಗದ್ದಲವನ್ನು ಬಿಟ್ಟು ಕೆಲಕಾಲ ಮೌನದಲ್ಲಿರುವುದು ನಮಗೆ ಹೊಸದಲ್ಲ. ಶ್ರಾವಣ ಮಾಸದಲ್ಲಿ ಮೌನಾನುಷ್ಠಾನ ಕೈಗೊಳ್ಳುವ ಪರಂಪರೆ ಮಠಗಳಲ್ಲಿದೆ. ಮಹಾತ್ಮ ಗಾಂಧೀಜಿಯವರು ಎಷ್ಟೇ ಕೆಲಸವಿದ್ದರೂ ಸೋಮವಾರಗಳಂದು ಮೌನವಾಗಿರುತ್ತಿದ್ದರು. 1927ರಲ್ಲಿ ಖಾದಿ ಪ್ರವಾಸದ ನಡುವೆ ಅವರ ಆರೋಗ್ಯ ಕುಸಿದಾಗ, ವೈದ್ಯರ ಸಲಹೆಗೆ ತಲೆಬಾಗಿ ನಮ್ಮ ನಂದಿಬೆಟ್ಟಕ್ಕೆ ಬಂದು ಹಲವು ವಾರ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೊಮ್ಮೆ ಅಲ್ಲಿಗೆ ಬಂದರು. ದೇಶದ ಭಾರ ಹೊತ್ತವರು ವಿಶ್ರಾಂತಿಯನ್ನು ಕರ್ತವ್ಯಲೋಪವೆಂದು ಎಣಿಸದಿದ್ದಾಗ, ಮನೆಯ ಭಾರ ಹೊತ್ತವರು ಹಾಗೆಣಿಸಬೇಕಾಗಿಲ್ಲ.

ಇಂದಿನ ಮನಶ್ಶಾಸ್ತ್ರವೂ ಇದನ್ನು ಒಪ್ಪುತ್ತದೆ. ಜಾನ್ ಕಬಾಟ್‌ಝಿನ್ ಅವರು 1979ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಆರಂಭಿಸಿದ ಎಂಟು ವಾರಗಳ ಧ್ಯಾನಾಧಾರಿತ ಶಿಕ್ಷಣದಲ್ಲಿ ಒಂದು ಪೂರ್ಣ ದಿನದ ಮೌನವಾಸ ಸೇರಿದೆ. ನೆಫ್ ಮತ್ತು ಕ್ರಿಸ್ಟೋಫರ್ ಜರ್ಮರ್ ರೂಪಿಸಿದ, ತನ್ನ ಮೇಲಿನ ಕರುಣೆಯನ್ನು ಕಲಿಸುವ ಎಂಟು ವಾರಗಳ ಶಿಕ್ಷಣದಲ್ಲಿಯೂ ಅರ್ಧ ದಿನದ ಏಕಾಂತವಿದೆ.

ಏಕಾಂತವಾಸವನ್ನು ಅವರವರ ಅನುಕೂಲಕ್ಕೆ ತಕ್ಕಂತೆ ಮೂರು ಬಗೆಯಲ್ಲಿ ಮಾಡಬಹುದು.

ವಾರದ ಅರ್ಧ ದಿನ: ರೋಗಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಕೆರೆಯ ದಂಡೆಗೋ ತೋಟಕ್ಕೋ ಮಠದ ಆವರಣಕ್ಕೋ ಹೋಗಿ ಮೂರು ನಾಲ್ಕು ಗಂಟೆ ಇರಬೇಕು. ಮೊಬೈಲನ್ನು ಚೀಲದಲ್ಲಿಡಬೇಕು. ಆ ವೇಳೆಯನ್ನು ಸಂತೆ, ಬ್ಯಾಂಕು, ಔಷಧದಂಗಡಿಯ ಕೆಲಸಗಳಿಂದ ತುಂಬಬಾರದು.

ತಿಂಗಳಿಗೊಂದು ದಿನ: ತವರಿಗೋ ಗೆಳತಿಯ ಮನೆಗೋ ಹೋಗಿ ಒಂದು ರಾತ್ರಿಯಾದರೂ ಎಚ್ಚರದ ಹೊಣೆಯಿಲ್ಲದೆ ಮಲಗಬೇಕು.

ವರ್ಷಕ್ಕೊಮ್ಮೆ ಕೆಲವು ದಿನ: ಧರ್ಮಸ್ಥಳದ ನೇತ್ರಾವತಿ ತೀರದ ಶಾಂತಿವನದಂತಹ ಪ್ರಕೃತಿ ಚಿಕಿತ್ಸಾಲಯಗಳಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ಮಿತಾಹಾರ, ಯೋಗ, ಜಲಚಿಕಿತ್ಸೆಗಳೊಡನೆ ವಿಶ್ರಾಂತಿ ದೊರೆಯುತ್ತದೆ. ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ವಿಪಶ್ಯನ ಶಿಬಿರಗಳು ಹತ್ತು ದಿನಗಳವು. ಅಲ್ಲಿ ಸಂಪೂರ್ಣ ಮೌನ, ಮೊಬೈಲ್ ಇಲ್ಲ, ಶುಲ್ಕವೂ ಇಲ್ಲ, ದೇಣಿಗೆಯಿಂದ ನಡೆಯುತ್ತವೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಹತ್ತು ದಿನಗಳ ಮೌನ ಎಲ್ಲರಿಗೂ ಹಿಡಿಸುವ ಔಷಧವಲ್ಲ. ತೀವ್ರ ಖಿನ್ನತೆ ಅಥವಾ ಬೇರೆ ಮಾನಸಿಕ ಕಾಯಿಲೆಯ ಚಿಕಿತ್ಸೆ ಪಡೆಯುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಸೇರಬಾರದು. ಯಾವ ಶಿಬಿರಕ್ಕೆ ಹೋದರೂ ನಿತ್ಯದ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು.

ಹೊಣೆ ಒಪ್ಪಿಸುವ ಕ್ರಮ

“ನಾನಿಲ್ಲದಿದ್ದರೆ ನಡೆಯುವುದಿಲ್ಲ” ಎಂಬುದು ವಿಶ್ರಾಂತಿಗೆ ಅಡ್ಡಬರುವ ಮಾತು. ಅದು ಬಹಳ ಸಲ ನಿಜವೂ ಹೌದು, ಏಕೆಂದರೆ ರೋಗಿಯ ಎಲ್ಲ ವಿವರಗಳು ಒಬ್ಬರ ತಲೆಯಲ್ಲಿಯೇ ಇರುತ್ತವೆ. ಇದಕ್ಕೆ ಪರಿಹಾರ ಒಂದು ನೋಟುಪುಸ್ತಕ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಊಟ ಎಷ್ಟು ಮೆತ್ತಗಿರಬೇಕು, ಯಾವ ಮಗ್ಗುಲಿಗೆ ಮಲಗಿಸಿದರೆ ನೋವು, ಯಾವ ಮಾತಿಗೆ ಸಮಾಧಾನಗೊಳ್ಳುತ್ತಾರೆ, ವೈದ್ಯರ ದೂರವಾಣಿ ಸಂಖ್ಯೆ ಯಾವುದು ಎಂಬುದನ್ನೆಲ್ಲ ಬರೆದಿಡಬೇಕು. ಬದಲಿಗೆ ಬರುವವರನ್ನು ಎರಡು ದಿನ ಮೊದಲೇ ಕರೆಸಿ ಜೊತೆಯಲ್ಲಿಟ್ಟುಕೊಂಡು ಕಲಿಸಬೇಕು. ರೋಗಿಗೂ ಮೊದಲೇ ತಿಳಿಸಬೇಕು, ಹೇಳದೆ ಹೋಗಬಾರದು.

ಕುಟುಂಬದ ಉಳಿದವರಿಗೆ ನಮ್ಮ ವಿನಂತಿ ಇದು. “ಏನಾದರೂ ಬೇಕಾದರೆ ಹೇಳು” ಎಂಬ ಮಾತು ಸಾಲದು. ದಣಿದವರಿಗೆ ಹೇಳುವ ತ್ರಾಣವೂ ಇರುವುದಿಲ್ಲ. “ಅಕ್ಕಾ, ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಪ್ಪನ ಬಳಿ ನಾನಿರುತ್ತೇನೆ, ನೀವು ಹೋಗಿಬನ್ನಿ” ಎಂದು ವೇಳೆಯನ್ನು ಗೊತ್ತುಮಾಡಿ ಹೇಳಬೇಕು. ಊರಿನಿಂದ ದೂರವಿರುವ ಮಕ್ಕಳು ಹಣ ಕಳುಹಿಸಿದರೆ ಕರ್ತವ್ಯ ಮುಗಿಯಿತೆಂದು ತಿಳಿಯದೆ, ವರ್ಷಕ್ಕೆ ಒಂದು ವಾರವಾದರೂ ಬಂದು ಹಾಸಿಗೆಯ ಪಕ್ಕದಲ್ಲಿ ನಿಲ್ಲಬೇಕು.

ವೈದ್ಯರ ನೆರವು ಬೇಕಾದಾಗ

ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿದ್ದರೆ, ಅವಕಾಶವಿದ್ದರೂ ನಿದ್ರೆ ಬಾರದಿದ್ದರೆ, ರೋಗಿಯನ್ನು ಹೊಡೆಯುವಷ್ಟು ಸಿಟ್ಟು ಮತ್ತೆ ಮತ್ತೆ ಬರುತ್ತಿದ್ದರೆ, ಸಾಯುವ ಯೋಚನೆ ಸುಳಿದರೆ, ಅದು ಬರಿಯ ದಣಿವಲ್ಲ. ಅಭ್ಯಾಸಗಳಿಂದ ಮಾತ್ರ ಗುಣವಾಗುತ್ತದೆಂದು ಕಾಯಬಾರದು, ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿ ತೋರಿಸಿದ ಮಾದರಿಯೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಹೀಗಾಗಿ ನೆರವು ಜಿಲ್ಲಾ ಆಸ್ಪತ್ರೆಯಲ್ಲಿಯೂ ದೊರೆಯುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಈ ತಿಂಗಳ ಅಭ್ಯಾಸ

ಎಲ್ಲವನ್ನೂ ಒಮ್ಮೆಗೇ ಹಿಡಿಯಲು ಹೋದರೆ ಅದೂ ಒಂದು ಹೊರೆಯಾದೀತು. ಆದ್ದರಿಂದ ವಾರಕ್ಕೊಂದರಂತೆ ಆರಂಭಿಸೋಣ. ಮೊದಲನೆಯ ವಾರ, ದಿನಕ್ಕೊಂದು ಹೊತ್ತು ಕುಳಿತು ಉಣ್ಣುವುದು. ಎರಡನೆಯ ವಾರ, ಅದರ ಜೊತೆಗೆ ಐದು ನಿಮಿಷದ ಉಸಿರಿನ ಅಭ್ಯಾಸ. ಮೂರನೆಯ ವಾರ, ನೋಟುಪುಸ್ತಕವನ್ನು ಬರೆದು ಮುಗಿಸಿ ಒಬ್ಬರಿಗೆ ತೋರಿಸುವುದು. ನಾಲ್ಕನೆಯ ವಾರ, ಅವರಿಗೆ ಹೊಣೆ ಒಪ್ಪಿಸಿ ಅರ್ಧ ದಿನ ಹೊರಗೆ ಹೋಗಿ ಬರುವುದು. ನಡುವೆ ಒಂದು ದಿನ ತಪ್ಪಿದರೆ ಹಳಿದುಕೊಳ್ಳದೆ ಮರುದಿನ ಮುಂದುವರಿಸುವುದೂ ಈ ಅಭ್ಯಾಸದ ಒಂದು ಭಾಗ.

ದೀಪ ಉರಿಯುವುದು ಎಣ್ಣೆಯಿಂದ. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯತೊಡಗಿದರೆ ಬೆಳಕು ಬಹಳ ಹೊತ್ತು ನಿಲ್ಲದು. ಹೊತ್ತುಹೊತ್ತಿಗೆ ಎಣ್ಣೆ ಹಾಕುವವನು ಬೆಳಕನ್ನು ಕದ್ದವನಲ್ಲ, ಉಳಿಸಿದವನು. ಸೇವೆಯಲ್ಲಿ ತೊಡಗಿರುವ ನಮ್ಮ ತಾಯಂದಿರೂ ಸೋದರರೂ ಈ ಮಾತನ್ನು ಮನಸ್ಸಿಗೆ ತಂದುಕೊಂಡು, ಇಂದೇ ತಮಗಾಗಿ ಅರ್ಧ ಗಂಟೆಯನ್ನು ತೆಗೆದಿರಿಸಲಿ ಎಂದು ಹಾರೈಸುತ್ತೇವೆ.